ಲಕ್ಷಣ ಒಂದು ಕಡೆ, ದೋಷ ಇನ್ನೊಂದು ಕಡೆ

"ಕಂಪ್ಯೂಟರ್ ಆನ್ ಆಗುತ್ತಿಲ್ಲ, ಎಸ್‌ಎಂಪಿಎಸ್ ಹೋಗಿರಬೇಕು, ಹೊಸದು ಯಾವುದು ತೆಗೆದುಕೊಳ್ಳಲಿ?" ಪರಿಚಯದವರಿಂದ ನನಗೆ ಬರುವ ಸಂದೇಶಗಳಲ್ಲಿ ಬಹುಪಾಲು ಹೀಗೆಯೇ ಇರುತ್ತವೆ. (ಎಸ್‌ಎಂಪಿಎಸ್ ಎಂದರೆ ಗೋಡೆಯ ವಿದ್ಯುತ್ತನ್ನು ಕಂಪ್ಯೂಟರ್‌ಗೆ ಬೇಕಾದಂತೆ ಬದಲಿಸಿ ಕೊಡುವ ಪೆಟ್ಟಿಗೆ.) ದೂರು, ತೀರ್ಪು, ಖರೀದಿ ಮೂರೂ ಒಂದೇ ಸಾಲಿನಲ್ಲಿ ಮುಗಿದಿರುತ್ತವೆ. ನಡುವೆ ನಡೆಯಬೇಕಿದ್ದ ವಿಚಾರಣೆ ಮಾತ್ರ ಇರುವುದಿಲ್ಲ. ಎಷ್ಟೋ ಒಳ್ಳೆಯ ಬಿಡಿಭಾಗಗಳು ಈ ಆತುರಕ್ಕೆ ಬಲಿಯಾಗಿ ಗುಜರಿ ಸೇರುತ್ತವೆ. ಕೆಟ್ಟ ಭಾಗ ಯಂತ್ರದೊಳಗೇ ಉಳಿದು, ಒಂದು ತಿಂಗಳ ನಂತರ ಅದೇ ತೊಂದರೆಯನ್ನು ಮತ್ತೆ ಕೊಡುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಆ ಬೇಸರವೇ ಈ ಬರಹಕ್ಕೆ ಕಾರಣ.

ನಾನು ಅವರಿಗೆ ಮೊದಲು ಕೇಳುವುದು, "ಆನ್ ಆಗುತ್ತಿಲ್ಲ ಎಂದರೆ ಏನಾಗುತ್ತಿದೆ?" ಎಂದು. ಬಟನ್ ಒತ್ತಿದರೂ ಒಂದು ದೀಪವೂ ಹತ್ತುತ್ತಿಲ್ಲವೇ? ಫ್ಯಾನ್ ತಿರುಗುತ್ತಿದೆ, ಪರದೆಯಲ್ಲಿ ಮಾತ್ರ ಏನೂ ಬರುತ್ತಿಲ್ಲವೇ? ತಯಾರಕರ ಲಾಂಛನ ಬಂದು ಅಲ್ಲಿಗೇ ನಿಲ್ಲುತ್ತಿದೆಯೇ? ಅಥವಾ ಎಲ್ಲ ಸರಿಯಾಗಿ ಶುರುವಾಗಿ, ಕೆಲಸ ಮಾಡುತ್ತಿರುವಾಗ ತಟ್ಟನೆ ಆರಿಹೋಗುತ್ತಿದೆಯೇ? ಇವು ನಾಲ್ಕು ಬೇರೆ ಬೇರೆ ಕಾಯಿಲೆಗಳು. ನಾಲ್ಕಕ್ಕೂ ಒಂದೇ ಔಷಧಿ ಇರಲು ಸಾಧ್ಯವಿಲ್ಲ.

ಬಟನ್ ಒತ್ತಿದ ಮೊದಲ ಕ್ಷಣಗಳಲ್ಲಿ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಪತ್ತೆದಾರಿ ಮುಗಿದಂತೆ. ಕಂಪ್ಯೂಟರ್ ಆರಿದ್ದರೂ ಪ್ಲಗ್ ಹಾಕಿರುವವರೆಗೆ ಎಸ್‌ಎಂಪಿಎಸ್ 5 ವೋಲ್ಟ್‌ನ ಒಂದು ಸಣ್ಣ ಧಾರೆಯನ್ನು, ಎಲ್ಲ ಭಾಗಗಳೂ ಕೂಡುವ ಮದರ್‌ಬೋರ್ಡ್‌ಗೆ ಕೊಡುತ್ತಲೇ ಇರುತ್ತದೆ. ನೀವು ಬಟನ್ ಒತ್ತಿದಾಗ ಆಗುವುದು ಇಷ್ಟೇ: ಕ್ಯಾಬಿನೆಟ್‌ನ ಸ್ವಿಚ್ ಮದರ್‌ಬೋರ್ಡ್‌ನ ಎರಡು ಪಿನ್‌ಗಳನ್ನು ಒಂದು ಕ್ಷಣ ಜೋಡಿಸುತ್ತದೆ. ಆಗ ಬೋರ್ಡ್, 24 ಪಿನ್‌ಗಳ ದೊಡ್ಡ ಕನೆಕ್ಟರ್‌ನಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿರುವ ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ "ಏಳು" ಎಂದು ಸೂಚನೆ ಕೊಡುತ್ತದೆ. ಎಸ್‌ಎಂಪಿಎಸ್ ಎದ್ದು 12, 5 ಮತ್ತು 3.3 ವೋಲ್ಟ್‌ಗಳನ್ನು ಹೊರಡಿಸಿ, ಅವು ಸ್ಥಿರವಾದ ಮೇಲೆ ಇನ್ನೊಂದು ತಂತಿಯಲ್ಲಿ "ವಿದ್ಯುತ್ ಸರಿಯಿದೆ" ಎಂಬ ಸಂಕೇತ ಕಳಿಸುತ್ತದೆ. ಈ ಸಂಕೇತ ಬರಲು 100ರಿಂದ 500 ಮಿಲಿಸೆಕೆಂಡು ಹಿಡಿಯಬಹುದು. ಅದು ಬಂದ ಮೇಲಷ್ಟೇ ಪ್ರೊಸೆಸರ್‌ಗೆ ಕೆಲಸ ಆರಂಭಿಸಲು ಅನುಮತಿ. ಆಮೇಲೆ ಬೋರ್ಡ್‌ನಲ್ಲೇ ಇರುವ ಆರಂಭದ ತಂತ್ರಾಂಶವಾದ ಬಯಾಸ್ ಸರದಿಯಂತೆ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಕೊನೆಗೆ ಡಿಸ್ಕ್‌ಗಳನ್ನು ಪರಿಶೀಲಿಸುತ್ತದೆ. ಇಂದಿನ ಹಲವು ಮದರ್‌ಬೋರ್ಡ್‌ಗಳಲ್ಲಿ ಈ ನಾಲ್ಕು ಹಂತಗಳಿಗೆ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವ ದೀಪ ಆರದೆ ನಿಂತಿತೋ ತನಿಖೆ ಅಲ್ಲಿಂದ ಶುರು.

ಇಲ್ಲಿ "ಅಲ್ಲಿಂದ ಶುರು" ಎಂದೆನೇ ಹೊರತು "ಅಲ್ಲಿಗೆ ಮುಗಿಯಿತು" ಎನ್ನಲಿಲ್ಲ. ಆ ವ್ಯತ್ಯಾಸ ಮುಖ್ಯ. ಒಂದು ಪ್ರಸಂಗ ಹೇಳುತ್ತೇನೆ.

ಒಮ್ಮೆ ನನ್ನ ಮುಂದೆ ಬಂದ ಯಂತ್ರ ಬಟನ್ ಒತ್ತಿದ ಕೂಡಲೇ ಲವಲವಿಕೆಯಿಂದ ಏಳುತ್ತಿತ್ತು. ಫ್ಯಾನ್‌ಗಳು ತಿರುಗುತ್ತಿದ್ದವು, ದೀಪಗಳು ಹತ್ತುತ್ತಿದ್ದವು, ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಒಟ್ಟಿಗೆ ನಿಂತುಹೋಗುತ್ತಿತ್ತು. ಆ ಯಂತ್ರಕ್ಕೆ ಆಗಲೇ ಹೊಸ ಎಸ್‌ಎಂಪಿಎಸ್ ಹಾಕಲಾಗಿತ್ತು. ಮದರ್‌ಬೋರ್ಡ್ ಬದಲಿಸಬೇಕೆಂಬ ಸಲಹೆಯೂ ಬಂದಿತ್ತು. ನನ್ನ ಗಮನ ಸೆಳೆದದ್ದು ಸಮಯ. ಪ್ರತಿ ಸಲವೂ ಅದೇ ಅಂತರ, ಸುಮಾರು ನಾಲ್ಕು ಸೆಕೆಂಡು. ವಿದ್ಯುತ್ತಿನ ಕೊರತೆಯಿಂದಲೋ ಶಾಖದಿಂದಲೋ ಆರುವ ಯಂತ್ರ ಇಷ್ಟು ಶಿಸ್ತಾಗಿ ಆರುವುದು ಅಪರೂಪ. ಬೋರ್ಡ್‌ನ ಒಳನಿಯಮವೊಂದು ನಾಲ್ಕು ಸೆಕೆಂಡನ್ನೇ ಎಣಿಸುತ್ತದೆ: ಪವರ್ ಬಟನ್ ಅಷ್ಟು ಹೊತ್ತು ಒತ್ತಿಯೇ ಇದ್ದರೆ ಯಂತ್ರವನ್ನು ಬಲವಂತವಾಗಿ ಆರಿಸು ಎಂಬುದು ಆ ನಿಯಮ. ಕ್ಯಾಬಿನೆಟ್‌ನಿಂದ ಬರುವ ಸ್ವಿಚ್‌ನ ತೆಳ್ಳನೆಯ ತಂತಿಯನ್ನು ಬೋರ್ಡ್‌ನಿಂದ ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಯಂತ್ರ ಎದ್ದಿತು, ಎದ್ದೇ ಇತ್ತು. ಬಟನ್‌ನ ಪ್ಲಾಸ್ಟಿಕ್ ಒಳಗೆ ಸಿಕ್ಕಿಕೊಂಡು, ಒತ್ತಿದ ಮೇಲೆ ಹಿಂದಕ್ಕೆ ಬರುತ್ತಿರಲಿಲ್ಲ. ಇಡೀ ಯಂತ್ರದಲ್ಲಿ ಅತ್ಯಂತ ಅಗ್ಗದ ಭಾಗಕ್ಕಾಗಿ ಅತ್ಯಂತ ದುಬಾರಿ ಭಾಗಗಳ ಮೇಲೆ ಆರೋಪ ಹೊರಿಸಲಾಗಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎಂಬ ಗಾದೆ ಹಾರ್ಡ್‌ವೇರ್ ರಿಪೇರಿಗೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದಲಿಕ್ಕಿಲ್ಲ. ಕಂಪ್ಯೂಟರ್‌ನಲ್ಲಿ ಎಲ್ಲ ಭಾಗಗಳೂ ಒಂದನ್ನೊಂದು ಆಶ್ರಯಿಸಿವೆ. ಹಾಗಾಗಿ ಒಂದರ ದೋಷ ಇನ್ನೊಂದರ ಮುಖದಲ್ಲಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಇತ್ತೀಚಿನ ದೊಡ್ಡ ಉದಾಹರಣೆ ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳದ್ದು. ಅವುಗಳನ್ನು ಬಳಸುತ್ತಿದ್ದ ಹಲವರಿಗೆ ಆಟಗಳು ಶುರುವಾಗುವಾಗ "ವಿಡಿಯೊ ಮೆಮೊರಿ ಸಾಲುತ್ತಿಲ್ಲ" ಎಂಬ ಸಂದೇಶ ಬಂದು ಆಟ ಮುಚ್ಚಿಹೋಗುತ್ತಿತ್ತು. ವಿಡಿಯೊ ಮೆಮೊರಿ ಎಂದ ಮೇಲೆ ಯಾರಾದರೂ ಗ್ರಾಫಿಕ್ಸ್ ಕಾರ್ಡನ್ನೇ ಅನುಮಾನಿಸುತ್ತಾರೆ. ಆದರೆ ಕಾರ್ಡ್ ನಿರಪರಾಧಿಯಾಗಿತ್ತು. ಆಟದ ಗ್ರಾಫಿಕ್ಸ್ ಕಡತಗಳನ್ನು ಬಿಚ್ಚುವ ಭಾರಿ ಲೆಕ್ಕಾಚಾರ ನಡೆಯುವುದು ಪ್ರೊಸೆಸರ್‌ನಲ್ಲಿ. ಅಲ್ಲಿ ತಪ್ಪಾದದ್ದು ಹೊರಗೆ ಮೆಮೊರಿಯ ದೂರಾಗಿ ಕಾಣುತ್ತಿತ್ತು. 2024ರಲ್ಲಿ ಇಂಟೆಲ್ ಸಮಸ್ಯೆಯನ್ನು ಒಪ್ಪಿಕೊಂಡಿತು. ಅತಿಯಾದ ವೋಲ್ಟೇಜ್ ಮತ್ತು ಶಾಖದಿಂದ ಚಿಪ್‌ನೊಳಗಿನ ಒಂದು ಸರ್ಕ್ಯೂಟ್ ಸವೆಯುತ್ತದೆ ಎಂದು ಹೇಳಿ, ಬಯಾಸ್ ಮೂಲಕ ಬರುವ ತಿದ್ದುಪಡಿಗಳನ್ನು ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆದರೆ ಈಗಾಗಲೇ ಸವೆದ ಚಿಪ್ ತಿದ್ದುಪಡಿಯಿಂದ ಮೊದಲಿನಂತಾಗುವುದಿಲ್ಲ, ಅದನ್ನು ಬದಲಿಸಿಕೊಳ್ಳಲೇಬೇಕು. ಈ ನಡುವೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿದವರ ಗತಿಯನ್ನು ನೆನೆದರೆ ಕಷ್ಟವಾಗುತ್ತದೆ.

ವಿಂಡೋಸ್ ಕೂಡ ಇಂಥ ದಾರಿ ತಪ್ಪಿಸುವ ಮಾತನ್ನು ಆಡುತ್ತದೆ. ಯಂತ್ರ ತಟ್ಟನೆ ಆರಿ ಮತ್ತೆ ಶುರುವಾದರೆ ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಎಂಬ ದಾಖಲೆ ಸಿಗುತ್ತದೆ. "ಪವರ್" ಎಂಬ ಪದ ನೋಡಿದ್ದೇ ಜನ ಎಸ್‌ಎಂಪಿಎಸ್ ಕೊಳ್ಳಲು ಹೊರಡುತ್ತಾರೆ. ಆ ದಾಖಲೆ ಹೇಳುವುದು ಒಂದೇ ವಿಷಯ: ಕಳೆದ ಸಲ ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ. ಯಾಕೆ ಮುಚ್ಚಲಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ. ಯಾರೋ ಪ್ಲಗ್ ಕಿತ್ತರೂ ಅದೇ ಸಂಖ್ಯೆ ಬರುತ್ತದೆ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ ಹೊತ್ತಿನ ಆಸುಪಾಸಿನಲ್ಲಿರುವ ವೀಯಾ ಲಾಗರ್ (WHEA-Logger) ಎಂಬ ಹೆಸರಿನ ದಾಖಲೆಗಳು. ಅವು ಇದ್ದರೆ ಪ್ರೊಸೆಸರ್ ತಾನೇ ಒಂದು ಹಾರ್ಡ್‌ವೇರ್ ದೋಷವನ್ನು ಗಮನಿಸಿ ವರದಿ ಮಾಡಿದೆ ಎಂದು ಅರ್ಥ.

ಈಗ ರ‍್ಯಾಮ್ ವಿಷಯಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಜನರು ಅತ್ಯಂತ ಕಡಿಮೆ ಅನುಮಾನಿಸುವ, ಆದರೆ ಅತ್ಯಂತ ವಿಚಿತ್ರ ತೊಂದರೆಗಳನ್ನು ಕೊಡುವ ಭಾಗ ಇದೇ. ಪ್ರತಿ ಸಲ ಬೇರೆ ಬೇರೆ ಹೆಸರಿನ ನೀಲಿ ಪರದೆ, ಡೌನ್‌ಲೋಡ್ ಆದ ಜಿಪ್ ಕಡತ ತೆರೆಯದಿರುವುದು, ಬ್ರೌಸರ್‌ನ ಒಂದೊಂದೇ ಟ್ಯಾಬ್ ಸಾಯುವುದು, ವಿಂಡೋಸ್ ಸ್ಥಾಪನೆ ಅರ್ಧಕ್ಕೆ ನಿಲ್ಲುವುದು, ಹೀಗೆ ದೂರುಗಳಲ್ಲಿ ಹೊಂದಾಣಿಕೆಯೇ ಇಲ್ಲದಿದ್ದರೆ ನಾನು ಮೊದಲು ಮೆಮ್‌ಟೆಸ್ಟ್ ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶ ಓಡಿಸುತ್ತೇನೆ. ಇದನ್ನು ಪೆನ್‌ಡ್ರೈವ್‌ನಿಂದ ನೇರವಾಗಿ ಬೂಟ್ ಮಾಡಬಹುದು, ಆಪರೇಟಿಂಗ್ ಸಿಸ್ಟಂನ ಹಂಗಿಲ್ಲ. ಕನಿಷ್ಠ ಒಂದು ರಾತ್ರಿಯಿಡೀ ಬಿಡಬೇಕು. ಒಂದೇ ಒಂದು ತಪ್ಪು ಕಂಡರೂ ಅದು ತಪ್ಪೇ, "ಒಂದೇ ತಾನೆ" ಎಂದು ಬಿಡುವಂತಿಲ್ಲ.

ತಪ್ಪು ಕಂಡಿತು ಎಂದ ಮಾತ್ರಕ್ಕೆ ರ‍್ಯಾಮ್ ಕಡ್ಡಿಯೇ ಕೆಟ್ಟಿದೆ ಎಂದೇನಿಲ್ಲ. ರ‍್ಯಾಮನ್ನು ನಿಯಂತ್ರಿಸುವ ಸರ್ಕ್ಯೂಟ್ ಒಂದು ಕಾಲದಲ್ಲಿ ಮದರ್‌ಬೋರ್ಡ್‌ನ ಚಿಪ್‌ಸೆಟ್‌ನಲ್ಲಿತ್ತು. ಎಎಂಡಿ 2003ರಲ್ಲಿ ಅಥ್ಲಾನ್ 64ರೊಂದಿಗೆ, ಇಂಟೆಲ್ 2008ರಲ್ಲಿ ಮೊದಲ ಕೋರ್ ಐ7ನೊಂದಿಗೆ ಅದನ್ನು ಡೆಸ್ಕ್‌ಟಾಪ್ ಪ್ರೊಸೆಸರ್‌ನೊಳಗೆ ತಂದವು. ಹಾಗಾಗಿ ಇಂದು ರ‍್ಯಾಮ್ ತೊಂದರೆ ಎಂದರೆ ಆರೋಪಿಗಳು ನಾಲ್ವರು: ಕಡ್ಡಿ, ಸ್ಲಾಟ್, ಪ್ರೊಸೆಸರ್ ಮತ್ತು ಬಯಾಸ್‌ನಲ್ಲಿ ನಾವು ಆರಿಸಿದ ವೇಗ. ಇವರನ್ನು ಬೇರ್ಪಡಿಸುವುದು ಕಷ್ಟವಲ್ಲ. ಮೊದಲು ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಸಿದ್ಧ ಸಂಯೋಜನೆಯನ್ನು ಆಫ್ ಮಾಡಿ ಪರೀಕ್ಷಿಸಿ. ಪೆಟ್ಟಿಗೆಯ ಮೇಲೆ 6000 ಎಂದು ಬರೆದಿರುವ, ಡಿಡಿಆರ್4ರ ನಂತರದ ತಲೆಮಾರಿನ ಡಿಡಿಆರ್5 ಕಡ್ಡಿ ತನ್ನಷ್ಟಕ್ಕೆ 4800ರಂಥ ಸಾಧಾರಣ ವೇಗದಲ್ಲಿ ಓಡುತ್ತದೆ. 6000ಕ್ಕೆ ಏರಿಸುವುದು ಒಂದು ಬಗೆಯ ಓವರ್‌ಕ್ಲಾಕಿಂಗ್, ಅಂದರೆ ನಿಗದಿತ ವೇಗವನ್ನು ಮೀರಿ ಓಡಿಸುವುದು. ಆ ಸಂಯೋಜನೆ ಆಫ್ ಮಾಡಿದ ಮೇಲೆ ತಪ್ಪುಗಳು ಮಾಯವಾದರೆ ಬಹುಶಃ ಯಾವ ಭಾಗವೂ ಕೆಟ್ಟಿಲ್ಲ, ವೇಗ ಹೆಚ್ಚಾಗಿದೆ ಅಷ್ಟೇ. ಆಗಲೂ ತಪ್ಪುಗಳು ಉಳಿದರೆ ಒಂದೊಂದೇ ಕಡ್ಡಿಯನ್ನು ಅದೇ ಸ್ಲಾಟ್‌ನಲ್ಲಿ ಹಾಕಿ ನೋಡಿ. ಆಮೇಲೆ ಒಂದೇ ಕಡ್ಡಿಯನ್ನು ಬೇರೆ ಬೇರೆ ಸ್ಲಾಟ್‌ಗಳಲ್ಲಿ ಹಾಕಿ ನೋಡಿ. ತಪ್ಪು ಕಡ್ಡಿಯ ಬೆನ್ನು ಹತ್ತಿದರೆ ಕಡ್ಡಿ ಕೆಟ್ಟಿದೆ. ತಪ್ಪು ಸ್ಲಾಟ್‌ನಲ್ಲೇ ಉಳಿದರೆ ನೋಡಬೇಕಾದದ್ದು ಸ್ಲಾಟ್ ಅಥವಾ ಪ್ರೊಸೆಸರ್ ಸಾಕೆಟ್. ಸಾಕೆಟ್‌ನ ಒಂದು ಪಿನ್ ಬಾಗಿದ್ದರೆ, ಅಥವಾ ಪ್ರೊಸೆಸರ್ ಮೇಲಿನ ಕೂಲರನ್ನು ಒಂದು ಬದಿ ಅತಿಯಾಗಿ ಬಿಗಿಸಿದ್ದರೆ, ಎರಡು ರ‍್ಯಾಮ್ ಸ್ಲಾಟ್‌ಗಳು ಒಟ್ಟಿಗೆ ಕಾಣೆಯಾಗುವುದುಂಟು. ಕೂಲರ್‌ನ ಸ್ಕ್ರೂ ಸಡಿಲಿಸಿದಾಗ ರ‍್ಯಾಮ್ ಪ್ರತ್ಯಕ್ಷವಾಗುವುದನ್ನು ಮೊದಲ ಬಾರಿ ನೋಡಿದವರಿಗೆ ನಂಬಿಕೆಯೇ ಬರುವುದಿಲ್ಲ.

ಡಿಡಿಆರ್5 ಹೊಸದಾಗಿ ಹಾಕಿದವರಿಗೆ ಒಂದು ಮಾತು. ಮೊದಲ ಸಲ ಬೂಟ್ ಆಗುವಾಗ ಬೋರ್ಡ್ ರ‍್ಯಾಮ್‌ನೊಂದಿಗೆ ಸಂಕೇತಗಳನ್ನು ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು, ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಿಂದ ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಸುಮ್ಮನೆ ಕಾಯಿರಿ.

ಎಸ್‌ಎಂಪಿಎಸ್ ಮೇಲಿನ ಅನುಮಾನ ಎಷ್ಟೋ ಸಲ ನಿಜವೂ ಆಗಿರುತ್ತದೆ, ಆದರೆ ಅದನ್ನು ಸಾಬೀತು ಮಾಡುವ ವಿಧಾನ ತಿಳಿದಿರಬೇಕು. ಹಸಿರು ತಂತಿಯನ್ನು ಕಪ್ಪು ತಂತಿಗೆ ಜೋಡಿಸಿ ಫ್ಯಾನ್ ತಿರುಗಿತೆಂದು ಸರಿಯಿದೆ ಎನ್ನುವವರಿದ್ದಾರೆ. ಅದರಿಂದ ಗೊತ್ತಾಗುವುದು ಅದು ಏಳುತ್ತದೆ ಎಂಬುದಷ್ಟೇ. ಹೊರೆ ಬಿದ್ದಾಗ ತಾಳಿಕೊಳ್ಳುತ್ತದೆಯೋ ಇಲ್ಲವೋ ಗೊತ್ತಾಗುವುದಿಲ್ಲ. 12 ವೋಲ್ಟ್‌ನ ತಂತಿಯಲ್ಲಿ ಶೇಕಡ 5ರಷ್ಟು ಏರಿಳಿತಕ್ಕೆ ಅವಕಾಶವಿದೆ, ಅಂದರೆ 11.4ರಿಂದ 12.6. ಆಟವೋ ವಿಡಿಯೊ ರೆಂಡರಿಂಗೋ ನಡೆಯುತ್ತಿರುವಾಗ ಮಲ್ಟಿಮೀಟರ್ ಹಿಡಿದು ನೋಡಿದರೆ ಒಂದು ಅಂದಾಜು ಸಿಗುತ್ತದೆ. ಆದರೂ ಮೈಕ್ರೋಸೆಕೆಂಡುಗಳಲ್ಲಿ ಬಂದುಹೋಗುವ ಕುಸಿತವನ್ನು ಮಲ್ಟಿಮೀಟರ್ ಹಿಡಿಯಲಾರದು. ಹಾಗಾಗಿ ನನಗೆ ಇಷ್ಟವಾದ ಪರೀಕ್ಷೆ ಬೇರೆಯೇ ಇದೆ, ಅದಕ್ಕೆ ಯಾವ ಉಪಕರಣವೂ ಬೇಡ. ಗ್ರಾಫಿಕ್ಸ್ ಕಾರ್ಡ್‌ನ ವಿದ್ಯುತ್ ಮಿತಿಯನ್ನು ಸಾಫ್ಟ್‌ವೇರ್‌ನಿಂದ ಶೇಕಡ 70ಕ್ಕೆ ಇಳಿಸಿ, ಯಂತ್ರ ಆರುತ್ತಿದ್ದ ಅದೇ ಆಟವನ್ನು ಓಡಿಸಿ. ಆರುವುದು ನಿಂತರೆ ಅನುಮಾನ ಎಸ್‌ಎಂಪಿಎಸ್ ಅಥವಾ ಅದರ ಕೇಬಲ್ ಕಡೆಗೆ ವಾಲುತ್ತದೆ. ಪ್ರೊಸೆಸರ್ ಮಾತ್ರ ದುಡಿಯುವ ಪರೀಕ್ಷೆಯಲ್ಲಿ ಆರಿದರೆ ಬೇರೆ ದಾರಿ ಹಿಡಿಯಬೇಕು. ಇನ್ನೊಂದು ಸೂಚನೆಯಿದೆ: ಆರಿದ ಮೇಲೆ ಬಟನ್ ಎಷ್ಟು ಒತ್ತಿದರೂ ಏಳದೆ, ಗೋಡೆಯ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದಾಗ ಮಾತ್ರ ಎದ್ದರೆ, ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆ ಬೀಗ ಹಾಕಿಕೊಂಡಿತ್ತು ಎಂದು ತಿಳಿಯಬಹುದು.

ಎಚ್ಚರಿಕೆಯ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಿಡಿಸಿ ಜೋಡಿಸಬಹುದಾದ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ಕೇಬಲ್‌ಗಳನ್ನು ಹಾಗೇ ಉಳಿಸಿಕೊಂಡು ಹೊಸ ಪೆಟ್ಟಿಗೆಗೆ ಚುಚ್ಚುವುದು ಬಹಳ ಅಪಾಯ. ಡಿಸ್ಕ್ ಕಡೆಯ ತುದಿಗೆ ಒಂದು ಮಾನದಂಡವಿದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥದ್ದಿಲ್ಲ, ಒಬ್ಬೊಬ್ಬ ತಯಾರಕರದು ಒಂದೊಂದು ಜೋಡಣೆ. ಕನೆಕ್ಟರ್ ಸರಿಯಾಗಿ ಕೂತರೂ 5 ವೋಲ್ಟ್ ಇರಬೇಕಾದ ಕಡೆ 12 ವೋಲ್ಟ್ ಹರಿದು, ವರ್ಷಗಟ್ಟಲೆ ಕೂಡಿಟ್ಟ ಫೋಟೊಗಳಿರುವ ಡಿಸ್ಕ್ ಒಂದು ಕ್ಷಣದಲ್ಲಿ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಬದಲಾದರೆ ಕೇಬಲ್‌ಗಳೂ ಬದಲಾಗಬೇಕು. ಇದರಲ್ಲಿ ರಾಜಿಯೇ ಬೇಡ.

ಶಾಖದ ಕತೆಯಲ್ಲಿ ಉಷ್ಣತೆಯ ಅಂಕಿಗಿಂತ ಅದು ಏರುವ ವೇಗ ಹೆಚ್ಚು ಹೇಳುತ್ತದೆ. ಹೊರೆ ಹಾಕಿದ ಒಂದೆರಡು ಸೆಕೆಂಡುಗಳಲ್ಲೇ ಪ್ರೊಸೆಸರ್ ತನ್ನ ಗರಿಷ್ಠ ಮಿತಿಗೆ ಜಿಗಿದರೆ ಕೂಲರ್ ಚಿಪ್‌ಗೆ ಸರಿಯಾಗಿ ತಾಗಿಲ್ಲ ಎಂದು ಮೊದಲು ಅನುಮಾನಿಸಿ: ಒಂದು ಮೂಲೆಯ ಕೊಂಡಿ ಬಿಟ್ಟಿರಬಹುದು, ಚಿಪ್ ಮತ್ತು ಕೂಲರ್ ನಡುವೆ ಸವರುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಕೂಲರ್‌ನ ತಳಕ್ಕೆ ಅಂಟಿಸಿದ್ದ ರಕ್ಷಣೆಯ ಪ್ಲಾಸ್ಟಿಕ್ ಹಾಳೆ ಇನ್ನೂ ಅಲ್ಲೇ ಇರಬಹುದು. ಹತ್ತು ಹದಿನೈದು ನಿಮಿಷಗಳಲ್ಲಿ ನಿಧಾನವಾಗಿ ಏರುತ್ತಾ ಹೋದರೆ ತೊಂದರೆ ಗಾಳಿಯದು: ದೂಳು ತುಂಬಿದ ರೆಕ್ಕೆಗಳು, ಬಿಸಿ ಗಾಳಿ ಹೊರಗೆ ಹೋಗಲು ದಾರಿಯಿಲ್ಲದ ಕ್ಯಾಬಿನೆಟ್. ಹೊಸ ಪ್ರೊಸೆಸರ್‌ಗಳಲ್ಲಿ ದೊಡ್ಡ ಅಂಕಿ ಕಂಡ ಕೂಡಲೇ ಹೆದರಬೇಕಾಗಿಯೂ ಇಲ್ಲ. ರೈಜನ್ 7000 ಸರಣಿಯ ಮೇಲಿನ ಮಾದರಿಗಳು ಪೂರ್ತಿ ಹೊರೆಯಲ್ಲಿ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುವಂತೆಯೇ ವಿನ್ಯಾಸಗೊಂಡಿವೆ ಎಂದು ಎಎಂಡಿ ಹೇಳಿದೆ.

ಡಿಸ್ಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಡಿಸ್ಕ್‌ಗಳು ತಮ್ಮ ಆರೋಗ್ಯವನ್ನು ತಾವೇ ಬರೆದಿಡುತ್ತವೆ. ಸ್ಮಾರ್ಟ್ ಎಂಬ ಆ ದಾಖಲೆಯಲ್ಲಿ 5 ಮತ್ತು 197ನೆಯ ಸಾಲುಗಳ ಅಂಕಿ ಏರುತ್ತಿದ್ದರೆ ಡಿಸ್ಕ್‌ನ ಮೇಲ್ಮೈ ಹಾಳಾಗುತ್ತಿದೆ, ಇಂದೇ ಬ್ಯಾಕಪ್ ಮಾಡಿ. ಆದರೆ 199ನೆಯ ಸಾಲು ಏರುತ್ತಿದ್ದರೆ ತಪ್ಪಾಗುತ್ತಿರುವುದು ಡಿಸ್ಕ್ ಮತ್ತು ಬೋರ್ಡ್‌ನ ನಡುವಿನ ಸಾಗಣೆಯಲ್ಲಿ. ಹೆಚ್ಚಿನ ಸಲ ಇವೆರಡನ್ನು ಜೋಡಿಸುವ ಸಾಟಾ ಕೇಬಲ್ ಬದಲಿಸಿದರೆ ಸಾಕು. ಆ ಅಂಕಿ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಆದ್ದರಿಂದ ಅದನ್ನು ಬರೆದಿಟ್ಟುಕೊಂಡು ಮುಂದೆ ಏರುತ್ತದೆಯೇ ಎಂದು ನೋಡಬೇಕು. ಇನ್ನು ಬೋರ್ಡ್ ಮೇಲೆಯೇ ಕೂರುವ ಹೊಸ ಎಂ.2 ಎಸ್‌ಎಸ್‌ಡಿ ಹಾಕಿದ ದಿನವೇ ಹಳೆಯ ಹಾರ್ಡ್ ಡಿಸ್ಕ್ ಕಾಣೆಯಾದರೆ ಮದರ್‌ಬೋರ್ಡ್‌ನ ಕೈಪಿಡಿ ತೆರೆಯಿರಿ. ಕೆಲವು ಎಂ.2 ಸ್ಲಾಟ್‌ಗಳು ಸಾಟಾ ಪೋರ್ಟ್‌ಗಳೊಂದಿಗೆ ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಒಂದು ಬಳಕೆಗೆ ಬಂದಾಗ ಇನ್ನೊಂದು ಮುಚ್ಚುತ್ತದೆ.

ಇಷ್ಟನ್ನೆಲ್ಲ ಹೇಳಿದ್ದು ಯಾಕೆಂದರೆ, ಬಿಡಿಭಾಗ ಆಯ್ಕೆ ಮಾಡುವ ನನ್ನ ಕ್ರಮ ಇಲ್ಲಿಂದಲೇ ಹುಟ್ಟಿದೆ. ಖರೀದಿಯ ಸಲಹೆಗಳೆಲ್ಲ ಹೆಚ್ಚಾಗಿ ವೇಗದ ಸುತ್ತಲೇ ಸುತ್ತುತ್ತವೆ: ಇದಕ್ಕಿಂತ ಅದು ಶೇಕಡ ಇಷ್ಟು ಮುಂದೆ, ಅದಕ್ಕಿಂತ ಇದು ಇಷ್ಟು ಹಿಂದೆ. ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಬೇರೆ. ಈ ಯಂತ್ರ ಒಂದು ದಿನ ಕೈಕೊಟ್ಟಾಗ, ಏನು ಕೆಟ್ಟಿದೆ ಎಂದು ನನಗೆ ತಿಳಿಸಬಲ್ಲದೇ? ಪ್ರತಿಯೊಂದು ಡೆಸ್ಕ್‌ಟಾಪ್ ಕೂಡ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಆ ದಿನಕ್ಕೆ ಬೇಕಾದ ಸೌಕರ್ಯವನ್ನು ಕೊಳ್ಳುವ ದಿನವೇ ಒದಗಿಸಿಕೊಳ್ಳಬೇಕು.

ಹಾಗಾಗಿ ನಾನು ಸಾಧ್ಯವಾದಷ್ಟೂ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರನ್ನು ಆರಿಸುತ್ತೇನೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಅಕ್ಷರವಿದ್ದರೆ ಆ ಸೌಲಭ್ಯ ಇಲ್ಲ. ಎಎಂಡಿಯ ರೈಜನ್ 5000 ಡೆಸ್ಕ್‌ಟಾಪ್ ಸಾಲಿನಲ್ಲಿ ಜಿ ಅಕ್ಷರವಿರುವ ಮಾದರಿಗಳಲ್ಲಿ ಮಾತ್ರ ಇತ್ತು, 7000 ಸಾಲಿನಿಂದ ಹೆಚ್ಚಿನವುಗಳಲ್ಲಿ ಸಾಧಾರಣ ಗ್ರಾಫಿಕ್ಸ್ ಬಂದಿದೆ. "ನನ್ನ ಬಳಿ ಒಳ್ಳೆಯ ಕಾರ್ಡ್ ಇದೆಯಲ್ಲ, ಇದು ಯಾಕೆ?" ಎಂದು ಕೇಳಬಹುದು. ಪರದೆ ಕಪ್ಪಾದ ದಿನ ಕಾರ್ಡನ್ನು ಹೊರತೆಗೆದು, ಕೇಬಲನ್ನು ಬೋರ್ಡ್‌ಗೆ ಚುಚ್ಚಿ, ಅನುಮಾನವನ್ನು ಎರಡು ನಿಮಿಷಗಳಲ್ಲಿ ಅರ್ಧಕ್ಕೆ ಇಳಿಸಬಹುದು. ಬೇರೆಯವರ ಕಾರ್ಡ್ ಎರವಲು ತರುವ ಅಗತ್ಯವೇ ಬೀಳುವುದಿಲ್ಲ. ಅಂದ ಹಾಗೆ, ಹೊಸ ಯಂತ್ರದಲ್ಲಿ ಚಿತ್ರವೇ ಬರುತ್ತಿಲ್ಲ ಎಂಬ ದೂರಿಗೆ, ಮಾನಿಟರ್ ಕೇಬಲನ್ನು ಕಾರ್ಡ್‌ನ ಬದಲು ಬೋರ್ಡ್‌ಗೆ ಚುಚ್ಚಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ.

ಮದರ್‌ಬೋರ್ಡ್‌ನಲ್ಲಿ ನಾನು ಹುಡುಕುವುದು ಮೊದಲು ಹೇಳಿದ ನಾಲ್ಕು ದೀಪಗಳನ್ನು, ಮತ್ತು ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಹೊಸದು ಮಾಡುವ ಬಟನನ್ನು. ಹೊಸ ಪ್ರೊಸೆಸರ್ ಹಳೆಯ ಬೋರ್ಡ್‌ನ ಸಾಕೆಟ್‌ಗೆ ಹೊಂದಿಕೊಂಡರೂ ಹಳೆಯ ಬಯಾಸ್ ಅದನ್ನು ಗುರುತಿಸದಿರಬಹುದು. ಆ ಬಟನ್ ಇಲ್ಲದಿದ್ದರೆ ಬಯಾಸ್ ಬದಲಿಸಲಿಕ್ಕೆಂದೇ ಇನ್ನೊಂದು ಹಳೆಯ ಪ್ರೊಸೆಸರ್ ಹುಡುಕಬೇಕಾಗುತ್ತದೆ. ಬಣ್ಣದ ಬೆಳಕು, ಲೋಹದ ಹೊದಿಕೆ ಇವುಗಳಿಗೆ ಕೊಡುವ ಹಣವನ್ನು ಈ ಎರಡು ಸೌಲಭ್ಯಗಳಿಗೆ ಕೊಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ರ‍್ಯಾಮ್ ಎರಡು ಕಡ್ಡಿಗಳಲ್ಲಿ ಇರಲಿ, ಒಂದೂ ಬೇಡ, ನಾಲ್ಕೂ ಬೇಡ. ಒಂದೇ ಇದ್ದರೆ ಪ್ರೊಸೆಸರ್‌ಗೆ ಹೋಗುವ ಎರಡು ಚಾನೆಲ್‌ಗಳಲ್ಲಿ (ದಾರಿಗಳಲ್ಲಿ) ಒಂದು ಖಾಲಿ ಬಿದ್ದು ಸಾಗಣೆಯ ಸಾಮರ್ಥ್ಯ ಅರ್ಧವಾಗುತ್ತದೆ. ಹೋಲಿಸಿ ನೋಡಲು ಇನ್ನೊಂದು ಕಡ್ಡಿಯೂ ಇರುವುದಿಲ್ಲ. ನಾಲ್ಕು ಹಾಕಿದರೆ ಡಿಡಿಆರ್5 ವ್ಯವಸ್ಥೆಗಳು ಸಾಮಾನ್ಯವಾಗಿ ಕಡಿಮೆ ವೇಗಕ್ಕೆ ಇಳಿಯುತ್ತವೆ. ನಾಲ್ಕು ಸ್ಲಾಟ್‌ಗಳ ಬೋರ್ಡ್‌ನಲ್ಲಿ ಎರಡು ಕಡ್ಡಿ ಹಾಕುವುದಾದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ವೇಗದ ದೊಡ್ಡ ಅಂಕಿಗೆ ಮರುಳಾಗುವ ಮುನ್ನ ಸಿಎಲ್ ಎಂಬ ಅಂಕಿಯನ್ನೂ ನೋಡಿ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಮೊದಲ ಉತ್ತರ ಬರಲು ಹಿಡಿಯುವ ನ್ಯಾನೊಸೆಕೆಂಡು ಸಿಗುತ್ತದೆ. 3200ರ ಸಿಎಲ್ 16 ಡಿಡಿಆರ್4ಕ್ಕೂ 6000ದ ಸಿಎಲ್ 30 ಡಿಡಿಆರ್5ಕ್ಕೂ ಅದು 10 ನ್ಯಾನೊಸೆಕೆಂಡೇ. ಹೊಸತರ ಲಾಭ ಇರುವುದು ಒಮ್ಮೆಲೇ ಸಾಗಿಸುವ ಪ್ರಮಾಣದಲ್ಲಿ.

ಎಸ್‌ಎಂಪಿಎಸ್ ಆಯ್ಕೆಯಲ್ಲಿ 80 ಪ್ಲಸ್ ಮುದ್ರೆಯ ಮೇಲೆ ಜನರಿಗಿರುವ ನಂಬಿಕೆ ಅತಿಯಾಯಿತು ಎಂದು ನನ್ನ ಅಭಿಪ್ರಾಯ. ಬ್ರಾನ್ಜ್, ಗೋಲ್ಡ್ ಎಂಬ ಆ ಮುದ್ರೆಗಳು ಅಳೆಯುವುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಭಾಗ ಉಪಯೋಗಕ್ಕೆ ಬರುತ್ತದೆ ಎಂಬುದನ್ನು. ರಕ್ಷಣಾ ವ್ಯವಸ್ಥೆ ಸರಿಯಿದೆಯೇ, ಕೆಪಾಸಿಟರ್‌ಗಳು ಎಷ್ಟು ಬಾಳುತ್ತವೆ ಎಂಬುದನ್ನು ಅವು ಹೇಳುವುದಿಲ್ಲ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಶಾಖಕ್ಕೆ ಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಪಾಲಿಸುವ ಲೆಕ್ಕ. ಆದ್ದರಿಂದ ವಾರಂಟಿ ಎಷ್ಟು ವರ್ಷ ಎಂಬುದನ್ನೂ, ಪೆಟ್ಟಿಗೆಯನ್ನು ಬಿಚ್ಚಿ ಪರೀಕ್ಷಿಸಿದವರ ವರದಿಯನ್ನೂ ನಾನು ಮುದ್ರೆಗಿಂತ ಹೆಚ್ಚು ನಂಬುತ್ತೇನೆ. ವ್ಯಾಟ್ ಲೆಕ್ಕವೂ ಸರಳ: ಪ್ರೊಸೆಸರ್‌ಗೆ 125, ಕಾರ್ಡ್‌ಗೆ 220, ಉಳಿದವಕ್ಕೆ 75 ಎಂದಾದರೆ ಮೊತ್ತ 420. ಅದರ ಮೇಲೆ ಮೂರನೆಯ ಒಂದು ಭಾಗದಷ್ಟಾದರೂ ಬಿಡುವು ಬೇಕು. ಇಂದಿನ ಕಾರ್ಡ್‌ಗಳು ಕ್ಷಣಮಾತ್ರಕ್ಕೆ ತಮ್ಮ ಸರಾಸರಿಯ ದುಪ್ಪಟ್ಟು ಎಳೆಯಬಲ್ಲವು. ಎಸ್‌ಎಂಪಿಎಸ್‌ಗಳಿಗೆಂದು 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮಾವಳಿ ಈ ಜಿಗಿತಗಳನ್ನು ಗಮನದಲ್ಲಿಟ್ಟೇ ರೂಪುಗೊಂಡದ್ದು. ಜೊತೆಗೆ, ಸಾಮಾನ್ಯ ಎಟಿಎಕ್ಸ್ ಅಳತೆಯದನ್ನೇ ಕೊಳ್ಳಿ. ತಮ್ಮದೇ ಆಕಾರದ ಎಸ್‌ಎಂಪಿಎಸ್, ತಮ್ಮದೇ ಕನೆಕ್ಟರ್ ಹಾಕುವ ಸಿದ್ಧ ಯಂತ್ರಗಳು ಕೆಟ್ಟ ದಿನ ಬದಲಿ ಭಾಗ ಸಿಗದೆ ಇಡೀ ಯಂತ್ರವನ್ನೇ ಮೂಲೆಗೆ ಸೇರಿಸಬೇಕಾಗುತ್ತದೆ.

ವೇಗದ ವಿಷಯದಲ್ಲೂ ತನಿಖೆಯ ಬುದ್ಧಿಯೇ ಕೆಲಸಕ್ಕೆ ಬರುತ್ತದೆ. "ಆಟ ನಿಧಾನ, ಹೊಸ ಕಾರ್ಡ್ ಬೇಕು" ಎನ್ನುವವರು ಮೊದಲು ಆಟದ ರೆಸಲ್ಯೂಷನ್ ಇಳಿಸಿ ನೋಡಲಿ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ, 2560×1440ರಲ್ಲಿ 36.9 ಲಕ್ಷ, 3840×2160ರಲ್ಲಿ 82.9 ಲಕ್ಷ. ಚುಕ್ಕೆಗಳ ಹೊರೆ ಬೀಳುವುದು ಕಾರ್ಡ್ ಮೇಲೆ. ಚುಕ್ಕೆಗಳನ್ನು ಅರ್ಧಕ್ಕೆ ಇಳಿಸಿದರೂ ವೇಗ ಏರದಿದ್ದರೆ ಅಡ್ಡಿಯಾಗಿರುವುದು ಪ್ರೊಸೆಸರ್ ಅಥವಾ ರ‍್ಯಾಮ್, ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ. ಚೆನ್ನಾಗಿ ಏರಿದರೆ ಕಾರ್ಡೇ ಕಾರಣ. ಹಣ ಖರ್ಚಿಲ್ಲದ ಈ ಐದು ನಿಮಿಷದ ಪರೀಕ್ಷೆಯನ್ನು ಮಾಡದೆ ಕಾರ್ಡ್ ಕೊಳ್ಳುವವರೇ ಹೆಚ್ಚು.

ಹೊಸ ಭಾಗಗಳು ಬಂದ ಮೇಲೆ ಎಲ್ಲವನ್ನೂ ಕ್ಯಾಬಿನೆಟ್‌ಗೆ ಬಿಗಿದು, ತಂತಿಗಳನ್ನು ಅಂದವಾಗಿ ಕಟ್ಟಿ, ಆಮೇಲೆ ಬಟನ್ ಒತ್ತುವುದು ರೂಢಿ. ನಾನು ಮೊದಲು ಮದರ್‌ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟು, ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್ ಕಡ್ಡಿ ಹಾಕಿ ಎಬ್ಬಿಸುತ್ತೇನೆ. ಬಯಾಸ್ ಪರದೆ ಬಂದರೆ ಎರಡನೆಯ ಕಡ್ಡಿ, ಆಮೇಲೆ ಕಾರ್ಡ್, ಆಮೇಲೆ ಡಿಸ್ಕ್. ಪ್ರತಿ ಹೆಜ್ಜೆಗೂ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಹರಿದುಹೋಗಲು ಬಿಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ, ತೊಂದರೆ ಬಂದಾಗ ಯಾರು ತಂದದ್ದು ಎಂದು ಹುಡುಕಬೇಕಾಗುವುದಿಲ್ಲ. ಹೊರಗೆ ಸರಿಯಾಗಿ ಎದ್ದ ಬೋರ್ಡ್ ಕ್ಯಾಬಿನೆಟ್‌ಗೆ ಹೋದ ಮೇಲೆ ಏಳದಿದ್ದರೆ, ಬೋರ್ಡ್‌ನ ಬೆನ್ನಿಗೆ ತಾಗುವಂತೆ ಬೇಡದ ಜಾಗದಲ್ಲಿ ಉಳಿದ, ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಪುಟ್ಟ ಕಂಬವೊಂದನ್ನು (ಸ್ಟ್ಯಾಂಡ್‌ಆಫ್) ನೀವು ನೇರವಾಗಿ ಹುಡುಕಬಹುದು.

ಎದ್ದ ಯಂತ್ರಕ್ಕೆ ವಿಂಡೋಸ್ ಹಾಕುವ ಮುನ್ನ ಒಂದು ರಾತ್ರಿ ಮೆಮ್‌ಟೆಸ್ಟ್. ಆಮೇಲೆ ಅರ್ಧ ಗಂಟೆ ಪ್ರೊಸೆಸರ್ ಮೇಲೆ, ಅರ್ಧ ಗಂಟೆ ಕಾರ್ಡ್ ಮೇಲೆ ಪೂರ್ತಿ ಹೊರೆ ಹಾಕಿ ಉಷ್ಣತೆಗಳನ್ನು ಬರೆದಿಟ್ಟುಕೊಳ್ಳಿ. ಡಿಸ್ಕ್‌ನ 5, 197, 199ನೆಯ ಸಾಲುಗಳನ್ನೂ, ಬಯಾಸ್ ಆವೃತ್ತಿಯನ್ನೂ, ರ‍್ಯಾಮ್ ಓಡುತ್ತಿರುವ ವೇಗವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮೂರು ವರ್ಷಗಳ ನಂತರ ಪ್ರೊಸೆಸರ್ 88 ಡಿಗ್ರಿ ತೋರಿಸಿದರೆ ಅದು ಹೆಚ್ಚೋ ಕಡಿಮೆಯೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮೊದಲ ದಿನ 72 ಇತ್ತು ಎಂದು ಹಾಳೆ ಹೇಳುತ್ತದೆ, ಥರ್ಮಲ್ ಪೇಸ್ಟ್ ಟ್ಯೂಬ್ ಕೈಗೆತ್ತಿಕೊಳ್ಳಬಹುದು.